ಬಿ ಸೆಕ್ಷನ್‌ಗೆ ಸಿಗದ ಪಾಠ

ಡಿಜಿಟಲ್ ಬೋಧನಾ ವಿಭಾಗದ ಮಾನ್ಯ ಮುಖ್ಯಾಧಿಕಾರಿಗಳೇ,

ಕಳೆದ ನವೆಂಬರಿನಲ್ಲಿ ತಾವು ಒಂದು ಪಾಠವನ್ನು ನಿಲ್ಲಿಸಿದಿರಿ. ನಲವತ್ತು ನಿಮಿಷದ ಪಾಠ. ನಮ್ಮ ಎ ಸೆಕ್ಷನ್‌ಗೆ ಅದು ಸಿಕ್ಕಿತು, ಬಿ ಸೆಕ್ಷನ್‌ಗೆ ಸಿಗಲಿಲ್ಲ. ಬಿ ಸೆಕ್ಷನ್‌ನಲ್ಲಿದ್ದ ಹದಿನಾರರ ರಾವ್ಯಾ ಇವತ್ತು ಎಡಗಿವಿ ಕೇಳಿಸದೆ ಮನೆಯಲ್ಲಿ ಕುಳಿತಿದ್ದಾಳೆ. ಈ ವಿಷಯವನ್ನು ತಮ್ಮ ಕಚೇರಿಗೆ ಮೂರು ಸಲ ಬರೆದೆ. ‘ಸ್ವೀಕರಿಸಲಾಗಿದೆ’ ಎಂಬ ಯಂತ್ರದ ಉತ್ತರ ಮೂರು ಸಲವೂ ತಪ್ಪದೆ ಬಂತು. ಅದಕ್ಕೇ ಪತ್ರಿಕೆಗೆ ಬರೆಯುತ್ತಿದ್ದೇನೆ. ಇಲ್ಲಿ ಓದುವವರು ಮನುಷ್ಯರು.

ನಾನು ನೈಲ್ ದಂಡೆಯ ಕಬ್ಬಿನ ಸೀಮೆಯಲ್ಲಿ, ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರಲ್ಲಿ, ಇಪ್ಪತ್ತಾರು ವರ್ಷಗಳಿಂದ ಭೂಗೋಳ ಕಲಿಸುತ್ತಿರುವವಳು. ತಮ್ಮ ಕೃಪೆಯಿಂದ ನಮಗೆ ಗೋಡೆಯಗಲದ ಸ್ಮಾರ್ಟ್ ಬೋರ್ಡ್ ಬಂತು, ಹುಡುಗಿಯರ ಕೈಗೆ ಟ್ಯಾಬ್ಲೆಟ್ ಬಂತು. ಬೇಡ ಎಂದವಳಲ್ಲ ನಾನು. ಮರುಭೂಮಿಯಿಂದ ಧೂಳಿನ ಮೋಡ ಎದ್ದು ಸಮುದ್ರ ದಾಟುವುದನ್ನು ಉಪಗ್ರಹದ ಚಿತ್ರದಲ್ಲಿ ತೋರಿಸಿದ ದಿನ, ಗಂಟೆ ಹೊಡೆದರೂ ಒಬ್ಬಳೂ ಏಳಲಿಲ್ಲ. ಆದರೆ ಬೋರ್ಡಿನ ಹಿಂದೆಯೇ ತಮ್ಮ ಸುತ್ತೋಲೆಯೂ ಬಂತು: ಬೋರ್ಡ್ ಬಳಸುತ್ತಿರುವ ಫೋಟೋವನ್ನು ದಿನಕ್ಕೆರಡು ಬಾರಿ ಕಳಿಸತಕ್ಕದ್ದು. ಕರೆಂಟ್ ಹೋದಾಗ ಏನು ಮಾಡತಕ್ಕದ್ದೆಂದು ಅದರಲ್ಲಿರಲಿಲ್ಲ. ದಾರಿಯನ್ನು ನಾವೇ ಕಂಡುಕೊಂಡೆವು. ಆರಿದ ಬೋರ್ಡಿನ ಮುಂದೆ ಒಬ್ಬಳು ಬೆರಳು ಚಾಚಿ ನಿಲ್ಲುತ್ತಿದ್ದಳು, ಉಳಿದವರು ಬೆರಗಾದಂತೆ ಕಣ್ಣರಳಿಸುತ್ತಿದ್ದರು, ನಾನು ಫೋಟೋ ತೆಗೆಯುತ್ತಿದ್ದೆ. ವರ್ಷದ ಕೊನೆಗೆ ನಮಗೆ ಡಿಜಿಟಲ್ ಸಾಕ್ಷರತೆಯ ಪ್ರಶಸ್ತಿಪತ್ರ ಬಂತು. ಫೋಟೋ ಸುಳ್ಳು ಹೇಳಬಲ್ಲದೆಂದು ನಮ್ಮ ಮಕ್ಕಳಿಗೆ ಮೊದಲು ಕಲಿಸಿದವರು ತಾವೇ, ಮಾನ್ಯರೇ.

ಅಕ್ಟೋಬರಿನಲ್ಲಿ ಪಕ್ಕದ ಊರಿನ ಒಬ್ಬ ಹುಡುಗಿಯ ಮುಖವನ್ನು ಯಾರೋ ಕೆಟ್ಟ ಚಿತ್ರವೊಂದಕ್ಕೆ ಅಂಟಿಸಿ ಊರಿಗೆಲ್ಲ ಹಂಚಿದರು. ನಮ್ಮ ಶಾಲೆಯಲ್ಲಿ ಪಿಸುಮಾತು ಶುರುವಾಯಿತು. ಎ ಸೆಕ್ಷನ್‌ನ ನಜಾಹ್ ಎಂಬವಳು ಪಾಠ ಮುಗಿದ ಮೇಲೆ ಮೇಜಿನ ಬಳಿ ನಿಂತು, “ಅಬ್ಲಾ, ನಾನು ಮಾಡದೇ ಇದ್ದದ್ದನ್ನ ಮಾಡಿದೀನಿ ಅಂತ ಫೋನು ತೋರಿಸಿದ್ರೆ, ಯಾರ ಮಾತು ನಡಿಯತ್ತೆ?” ಎಂದು ಕೇಳಿದಳು. ಇಲ್ಲಿ ಶಿಕ್ಷಕಿಯನ್ನು ಹುಡುಗಿಯರು ಅಬ್ಲಾ ಎನ್ನುತ್ತಾರೆ, ಅಕ್ಕ ಎಂದ ಹಾಗೆ. ಅಕ್ಕ ಎನಿಸಿಕೊಂಡ ಮೇಲೆ ಉತ್ತರ ಕೊಡಬೇಕಲ್ಲವೇ?

ಮಾರನೆಯ ವಾರ ಹಳೆಯ ಪತ್ರಿಕೆಗಳು, ಕತ್ತರಿ, ಗೋಂದು ತೆಗೆದುಕೊಂಡು ಹೋದೆ. ಕುಸ್ತಿಪಟುವಿನ ಮೈಗೆ ಮದುಮಗಳ ತಲೆ ಕೂರಿಸಿದೆವು, ಒಂಟೆಯ ಮೇಲೆ ಮಂತ್ರಿಗಳನ್ನು ಹತ್ತಿಸಿದೆವು. ಹುಡುಗಿಯರು ನಕ್ಕು ನಕ್ಕು ಸುಸ್ತಾದರು. ಆಮೇಲೆ ಹೇಳಿದೆ: ಕತ್ತರಿ ಇಲ್ಲದೆ, ಅಂಟಿದ ಗುರುತೂ ಉಳಿಯದಂತೆ, ಈ ಕೆಲಸವನ್ನು ಈಗ ಯಂತ್ರ ಕ್ಷಣದಲ್ಲಿ ಮಾಡುತ್ತದೆ. ಚಿತ್ರ ನೋಡಿದ ಕೂಡಲೇ ನಂಬಬೇಡಿ, ಕಳಿಸಿದವರು ಯಾರು, ಯಾಕೆ ಎಂದು ಕೇಳಿ. ಯಾರಾದರೂ ಹೆದರಿಸಿದರೆ ಉತ್ತರಿಸಬೇಡಿ, ಅದೇ ದಿನ ದೊಡ್ಡವರೊಬ್ಬರಿಗೆ ಹೇಳಿ, ಒಂದು ಸಂದೇಶವನ್ನೂ ಅಳಿಸಬೇಡಿ.

ಅದು ಸೋಮವಾರ. ಬಿ ಸೆಕ್ಷನ್‌ನ ಸರದಿ ಗುರುವಾರಕ್ಕಿತ್ತು. ಬುಧವಾರ ತಮ್ಮ ಪರಿವೀಕ್ಷಕರು ಬಂದು ಗೋಡೆಯ ಮೇಲಿನ ಕಾಗದದ ಚಿತ್ರಗಳನ್ನು ನೋಡಿದರು.

“ಇಷ್ಟು ಬೆಲೆಯ ಬೋರ್ಡ್ ಇಟ್ಕೊಂಡು ಕತ್ತರಿ, ಗೋಂದು? ಇದೇನು ಶಿಶುವಿಹಾರವಾ ಮೇಡಂ?”

“ಫೋಟೋ ಹೇಗೆ ಸುಳ್ಳಾಗತ್ತೆ ಅಂತ ಕಲಿಸ್ತಿದೀನಿ ಸರ್.”

“ಭೂಗೋಳದಲ್ಲಿ ಅದು ಎಷ್ಟನೇ ಪಾಠ? ಹೆಣ್ಣುಮಕ್ಕಳ ತಲೇಲಿ ಇಲ್ಲದ್ದನ್ನ ನೀವೇ ತುಂಬ್ತೀರಲ್ಲ.”

ಗುರುವಾರ ಬೆಳಿಗ್ಗೆ ಶಾಲೆ ತೆರೆಯುವ ಹೊತ್ತಿಗೆ ತಮ್ಮ ಆದೇಶ ತಲುಪಿತ್ತು. ‘ಡಿಜಿಟಲ್ ಅಲ್ಲದ ವಿಧಾನ, ಪಠ್ಯದಲ್ಲಿಲ್ಲದ ವಿಷಯ, ತಕ್ಷಣ ನಿಲ್ಲಿಸುವುದು.’ ಮೂರು ಪತ್ರಕ್ಕೆ ಉತ್ತರಿಸದ ಕಚೇರಿಗೆ ಅಂದು ಎಂಥ ಚುರುಕು! ನಾನು ನಿಲ್ಲಿಸಿದೆ. ಬಿ ಸೆಕ್ಷನ್‌ಗೆ ಹೋಗಿ ಮಣ್ಣಿನ ವಿಧಗಳನ್ನು ಬರೆಸಿದೆ. ಆ ಪಾಪ ನನ್ನದು. ಪೂರ್ತಿ ನನ್ನದೇ ಅಲ್ಲ.

ಜನವರಿಯಲ್ಲಿ ರಾವ್ಯಾಳಿಗೆ ಗೊತ್ತಿಲ್ಲದ ನಂಬರಿನಿಂದ ಒಂದು ಚಿತ್ರ ಬಂತು. ಮುಖ ಅವಳದು, ಉಳಿದದ್ದು ಅವಳದಲ್ಲ. ಹೇಳಿದಂತೆ ಕೇಳದಿದ್ದರೆ ಅಪ್ಪನಿಗೆ ಕಳಿಸುತ್ತೇನೆ ಎಂದಿತ್ತು. ಆರು ದಿನ ಅವಳು ಒಬ್ಬಳೇ ಉತ್ತರ ಬರೆದಳು, ಬೇಡಿಕೊಂಡಳು, ಯಾರಾದರೂ ನೋಡಿಯಾರೆಂದು ಒಂದೊಂದನ್ನೂ ಅಳಿಸಿದಳು. ಏಳನೆಯ ದಿನ ಚಿತ್ರ ಅಪ್ಪನ ಫೋನಿಗೆ ಹೋಯಿತು. ಅವಳಪ್ಪ ಖಲಫ್ ಊರಿನ ರೊಟ್ಟಿ ಅಂಗಡಿಯಲ್ಲಿ ಹಿಟ್ಟು ನಾದುವ ಮನುಷ್ಯ, ಕೈ ಭಾರ. ಹೊಡೆದದ್ದು ಒಂದೇ ಏಟು. ಕಿವಿಯ ತಮಟೆ ಹರಿಯಿತು.

ವಿಷಯ ನನಗೆ ತಿಳಿದದ್ದು ಮೂರು ವಾರದ ನಂತರ. ಕತ್ತರಿ, ಹಳೆಯ ಪತ್ರಿಕೆ ಹಿಡಿದು ಅವರ ಮನೆಗೆ ಹೋದೆ. ಖಲಫ್ ಮುಖವೆತ್ತಲಿಲ್ಲ. ಅವನ ಹಳೆಯ ಫೋಟೋ ಒಂದನ್ನು ಕೇಳಿ ಪಡೆದು, ಮುಖವನ್ನು ಕತ್ತರಿಸಿ, ಪತ್ರಿಕೆಯಲ್ಲಿದ್ದ ಕುಣಿಯುವವಳೊಬ್ಬಳ ಮೈಮೇಲೆ ಇಟ್ಟೆ. ಅವನು ಬಹಳ ಹೊತ್ತು ನೋಡಿದ.

“ಇದು ನನ್ನ ಮುಖ.”

“ಹೌದು.”

“ಆದ್ರೆ ನಾನಲ್ಲ.”

“ಅಲ್ಲ.”

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಹೇಳಿದಳು: “ಮಗಳ ಕುತ್ತಿಗೇಲಿ ಮಚ್ಚೆ ಇದೆ, ಅದ್ರಲ್ಲಿ ಇಲ್ಲ ಅಂತ ಬಡ್ಕೊಂಡೆ ಅಬ್ಲಾ. ಹೆತ್ತವಳ ಮಾತಿಗಿಂತ ಫೋನೇ ದೊಡ್ಡದಾಯ್ತು.”

ಖಲಫ್ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತ. “ಇದನ್ನ ಮೊದ್ಲೇ ಯಾರಾದ್ರೂ ತೋರಿಸಬೇಕಿತ್ತು,” ಎಂದ. ಅವನಿಗೆ ತಮ್ಮ ಆದೇಶದ ಸಂಖ್ಯೆಯನ್ನು ಓದಿ ಹೇಳಲೇ?

ಮರುದಿನ ಅವನು ಪೊಲೀಸ್ ಠಾಣೆಗೆ ಹೋದ. ಸಾಕ್ಷಿ ಕೇಳಿದರು. ಮಗಳು ಎಲ್ಲವನ್ನೂ ಅಳಿಸಿದ್ದಳು, ಅಪ್ಪ ತನ್ನ ಫೋನನ್ನು ಚಿತ್ರ ಬಂದ ದಿನವೇ ಒಲೆಗೆ ಹಾಕಿದ್ದ. ದೂರು ಅಲ್ಲಿಗೇ ನಿಂತಿತು.

ರಾವ್ಯಾ ನನ್ನನ್ನು ಬೈಯಲಿಲ್ಲ. “ಎ ಸೆಕ್ಷನ್‌ನವರು ಆವತ್ತು ಯಾಕೆ ಅಷ್ಟು ನಗ್ತಿದ್ರು ಅಬ್ಲಾ? ನಮಗೂ ಗೋಡೆಯಾಚೆ ಕೇಳಿಸ್ತಿತ್ತು,” ಎಂದಷ್ಟೇ ಕೇಳಿದಳು. ಈ ಪತ್ರದಲ್ಲಿ ಅವಳ ಹೆಸರು ಮರೆಮಾಡಲು ಹೊರಟಿದ್ದೆ. “ಬರೀರಿ. ಮುಚ್ಚಿಡೋಕೆ ನಾನೇನು ತಪ್ಪು ಮಾಡಿದೀನಿ?” ಎಂದಳು.

ಅವಳು ಶಾಲೆಗೆ ಮರಳಲು ಸಿದ್ಧಳಿದ್ದಾಳೆ. ತಮ್ಮ ವ್ಯವಸ್ಥೆ ಸಿದ್ಧವಿಲ್ಲ. ಗೈರುಹಾಜರಿ ಮಿತಿ ಮೀರಿತೆಂದು ಕಂಪ್ಯೂಟರ್ ಅವಳ ಹೆಸರನ್ನು ತಾನಾಗಿಯೇ ತೆಗೆದುಹಾಕಿದೆ. ಮತ್ತೆ ಸೇರಿಸಲು ಹೋದರೆ ಒಪ್ಪುವುದಿಲ್ಲ. ‘ಕಾರಣ’ ಎಂಬ ಕಡೆ ಆರಿಸಿಕೊಳ್ಳಲು ಅನಾರೋಗ್ಯ, ವಲಸೆ, ಮದುವೆ ಎಂಬ ಮೂರೇ ಪದಗಳಿವೆ. ಯಾವುದನ್ನು ಒತ್ತಲಿ?

ರಾವ್ಯಾಳ ಹೆಸರನ್ನು ಪರೀಕ್ಷೆಗೆ ಮೊದಲು ಪಟ್ಟಿಗೆ ಸೇರಿಸಿ. ನವೆಂಬರಿನ ಆದೇಶವನ್ನು ಹಿಂದಕ್ಕೆ ಪಡೆಯಿರಿ. ಆ ಪಾಠ ಪ್ರತಿ ಶಾಲೆಯಲ್ಲೂ ನಡೆಯಲಿ. ಕರೆಂಟ್ ಇದ್ದರೆ ಬೋರ್ಡಿನಲ್ಲಿ, ಇಲ್ಲದಿದ್ದರೆ ಸೀಮೆಸುಣ್ಣದಲ್ಲಿ. ಒಂದು ಸಂಜೆ ಅಪ್ಪಂದಿರನ್ನೂ ಅದೇ ಬೆಂಚುಗಳ ಮೇಲೆ ಕೂರಿಸಿ. ಖಲಫ್ ತಾನೇ ಬಂದು ಮಾತಾಡುತ್ತೇನೆ ಎಂದಿದ್ದಾನೆ.

ತಮ್ಮ ಅನುಮತಿಗೆ ನಾನಿನ್ನು ಕಾಯುವುದಿಲ್ಲ. ಬರುವ ಭಾನುವಾರ, ಇಲ್ಲಿ ಶಾಲೆಯ ವಾರ ಶುರುವಾಗುವ ದಿನ, ಮೊದಲ ಗಂಟೆಯಲ್ಲಿ ಬಿ ಸೆಕ್ಷನ್‌ಗೆ ಆ ಪಾಠ ಮಾಡುತ್ತಿದ್ದೇನೆ. ನನ್ನ ಅಮಾನತಿನ ಆದೇಶವನ್ನು ಸೋಮವಾರ ಕಳಿಸಿದರೆ ಸಾಕು.

ಇಂತಿ,
ಒಮ್ಮೆ ಆದೇಶ ಪಾಲಿಸಿ ಕೆಟ್ಟ
ಇನ್ಶಿರಾಹ್, ಭೂಗೋಳ ಶಿಕ್ಷಕಿ