ನಿಲ್ಲಿಸುವುದನ್ನು ಮರೆತ ಕೈನೇಸ್

ಭಾನುವಾರ, ಮಧ್ಯಾಹ್ನ

ಪ್ರೀತಿಯ ಚಿಕ್ಕಮ್ಮನಿಗೆ ನಿನ್ನ ಪುಟ್ಟಿಯ ನಮಸ್ಕಾರ.

ಮೊದಲು ಒಳ್ಳೆಯ ಸುದ್ದಿ ಹೇಳಿಬಿಡುತ್ತೇನೆ. ಇವರ ರಕ್ತದ ವರದಿ ಬಂತು. ಹೊಸ ಮಾತ್ರೆ ಕೆಲಸ ಮಾಡುತ್ತಿದೆ, ಬಿಳಿ ರಕ್ತಕಣಗಳು ಹತೋಟಿಗೆ ಬಂದಿವೆ. ಡಾಕ್ಟರು ನಿನಗೆ ತಪ್ಪದೆ ತಿಳಿಸಬೇಕೆಂದರು.

ರಕ್ತದ ಕ್ಯಾನ್ಸರಿಗೆ ಕೊಡುತ್ತಿದ್ದ ಹಳೆಯ ಮಾತ್ರೆ ಕೈಕೊಟ್ಟಾಗ ನಾನು ಕುಸಿದುಹೋಗಿದ್ದೆ. ನಮ್ಮ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುತ್ತಲೇ ಇವರು ತೂಕಡಿಸುತ್ತಿದ್ದರು. ನೆಂಟರೆಲ್ಲ ಫೋನಿನಲ್ಲೇ ಧೈರ್ಯ ಹೇಳಿದರು. ನೀನು ಪ್ರಯೋಗಾಲಯಕ್ಕೆ ರಜೆ ಹಾಕಿ ಬಂದೆ. ಚಪ್ಪಲಿ ಬಿಡುವ ಮೊದಲೇ ವರದಿ ಎಲ್ಲಿ ಎಂದು ಕೇಳಿದೆ.

ಆಮೇಲೆ ಇವರ ಪಕ್ಕ ಕೂತು ಹೇಳಿದ ಮಾತು ನನಗೆ ಬಾಯಿಪಾಠ: "ಕೈನೇಸ್ ಅಂದ್ರೆ ರೋಗ ಅಲ್ಲಪ್ಪ. ಅವು ಇಲ್ದಿದ್ರೆ ಗಾಯ ಮಾಯೋದಿಲ್ಲ, ತಿಂದಿದ್ದು ಮೈಗೆ ಹತ್ತೋದಿಲ್ಲ. ನಿನ್ನ ರಕ್ತದಲ್ಲಿ ಒಂದಕ್ಕೆ ಮಾತ್ರ ನಿಲ್ಲಿಸೋದು ಮರೆತುಹೋಗಿದೆ."

ಜೀವಕೋಶದೊಳಗೆ ಇಂಥ ನೂರಾರು ಪ್ರೋಟೀನುಗಳಿದ್ದು, ಬೇರೆ ಪ್ರೋಟೀನುಗಳಿಗೆ ಫಾಸ್ಫೇಟ್ ಎಂಬ ಪುಟ್ಟ ತುಣುಕು ಅಂಟಿಸಿ ಏಳು, ದುಡಿ, ಸಾಕು ಎಂದು ಸೂಚನೆ ಕೊಡುತ್ತವೆಂದು ನೀನು ವಿವರಿಸಿದೆ. ಇವರಲ್ಲಿರುವುದು ಬೆಳೆ, ಬೆಳೆ ಎಂದು ಒಂದೇ ಸಮ ಹೇಳುತ್ತಿದೆ. ಮಾತ್ರೆ ಅದರ ಸಂದಿಯಲ್ಲಿ ಕೂತು ಬಾಯಿ ಮುಚ್ಚಿಸಬೇಕು. ಆ ಸಂದಿಯ ಆಕಾರವೇ ಬದಲಾಗಿರಬಹುದು ಎಂದೆ. ವಾರದಿಂದ ಮಾತೇ ಆಡದಿದ್ದ ಇವರು, ಫ್ರೇಮು ಸೊಟ್ಟಗಾದರೆ ಗಾಜು ಕೂರದ ಹಾಗಾ ಎಂದು ಕೇಳಿದರು. ನಿನ್ನ ಮುಖ ಅರಳಿದ್ದನ್ನು ನಾನು ನೋಡಿದೆ.

ಆಸ್ಪತ್ರೆಯಲ್ಲಿ ನೀನು ದೊಡ್ಡಸ್ತಿಕೆ ತೋರಿಸುತ್ತೀಯೇನೋ ಅಂತ ನನಗೆ ಅಳುಕಿತ್ತು. ನೀನು ಮೆಲ್ಲಗೆ, ಆ ಬದಲಾವಣೆಯನ್ನು ಪರೀಕ್ಷಿಸಬಹುದೇ ಎಂದಷ್ಟೇ ಕೇಳಿದೆ. ತಮಗೂ ಅದೇ ಯೋಚನೆ ಇತ್ತೆಂದರು ಡಾಕ್ಟರು. ಅನುಮಾನ ನಿಜವಾಯಿತು, ಆ ಹೊಸ ಆಕಾರಕ್ಕೂ ಹೊಂದುವ ಮಾತ್ರೆ ಬರೆದುಕೊಟ್ಟರು.

ಸದಾ ಕೈನೇಸ್ ಸಂಶೋಧನೆಯಲ್ಲೇ ಮುಳುಗಿರುವ ನಿನ್ನನ್ನು ಮನೆಯಲ್ಲಿ ನಾವೆಲ್ಲ ಕೈನೇಸಮ್ಮ ಎಂದು ರೇಗಿಸುತ್ತಿದ್ದೆವು. ಈಗ ಇವರು ಅಂಗಡಿಗೆ ಬಂದವರಿಗೆಲ್ಲ ಅದೇ ಹೆಸರನ್ನು ಹೆಮ್ಮೆಯಿಂದ ಹೇಳುತ್ತಾರೆ. ಕನ್ನಡಕ ಕೊಳ್ಳಲು ಬಂದವರು ಪಾಪ, ಕೈನೇಸ್ ಪಾಠ ಕೇಳಿಸಿಕೊಂಡೇ ಹೋಗಬೇಕು.

ಆರೋಗ್ಯ ನೋಡಿಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಕ್ಕನ ಮಗಳು,
ಪುಟ್ಟಿ

ಮರೆತಿದ್ದೆ: ಹಳೆಯ ಮಾತ್ರೆ ಕೈಕೊಟ್ಟಾಗ, ಇನ್ನು ಚಿಕಿತ್ಸೆಯೇ ಬೇಡ ಎಂದು ಇವರು ತೀರ್ಮಾನಿಸಿಬಿಟ್ಟಿದ್ದರಂತೆ. ಅದನ್ನು ನಿನ್ನೊಬ್ಬಳಿಗೇ ಹೇಳಿದ್ದರಂತೆ. ನಿನ್ನೆ ನನ್ನ ಹತ್ತಿರ ಬಾಯಿಬಿಟ್ಟರು. ನೀನು ಇಷ್ಟು ದಿನ ಒಂದು ಸುಳಿವೂ ಕೊಡಲಿಲ್ಲ. ಅವರ ಮನಸ್ಸು ತಿರುಗಿಸಲು ಏನು ಹೇಳಿದೆ ಎಂದು ನಾನು ಕೇಳುವುದಿಲ್ಲ, ಚಿಕ್ಕಮ್ಮ. ಅದು ನಿಮ್ಮಿಬ್ಬರಲ್ಲೇ ಇರಲಿ.