ಹಣತೆಯ ಏಳನೇ ಚೂರು

ನವೆಂಬರ್ 5, ಬುಧವಾರ

ಅಥೆನ್ಸಿನ ಮಹಾಜನರೇ, ಮಲೇಷ್ಯಾದ ನಿಲಾಯಿಯ ಕನ್ನಡ ಬಾಂಧವರೇ, ಈ ದಿನಚರಿಯನ್ನು ಎಂದೂ ಓದದಿರುವ ಘನ ಓದುಗರೇ — ಗಂಗಾಧರನ ನಮಸ್ಕಾರ. ನಲವತ್ತಾರು ವರ್ಷ, ಕನ್ನಡ ಮೀಡಿಯಂ ಎಂ.ಎ., ಇಲ್ಲಿನ ಮಕ್ಕಳಿಗೆ ಇಂಗ್ಲಿಷಿನಲ್ಲಿ ಚರಿತ್ರೆ ಹೇಳುವವನು. ಹೊಟ್ಟೆಪಾಡಿಗೆ ಗ್ರೀಸು, ತಿಂಗಳಿಗೊಮ್ಮೆ ಫೀಸು.

ಇವತ್ತು ಮ್ಯಾರಥಾನ್ ಅಂದೆ. ಟೀ ಶರ್ಟ್ ಫ್ರೀನಾ ಸರ್ ಅಂತ ಕೇಳಿತು ಹಿಂದಿನ ಬೆಂಚು. ಅದು ಯುದ್ಧ ಅಂದದ್ದಕ್ಕೆ ನಿರಾಸೆ.

ಆಮೇಲೆ ಗಡೀಪಾರಿನ ಪಾಠ. ಅಥೆನ್ಸಿನವರು ಮಡಕೆಚೂರಿನ ಮೇಲೆ ಒಬ್ಬನ ಹೆಸರು ಗೀಚುತ್ತಿದ್ದರು. ಹೆಚ್ಚು ಚೂರು ಬಿದ್ದವನು ಹತ್ತು ವರ್ಷ ಊರ ಹೊರಗೆ. ಆರೋಪ ಇಲ್ಲ, ವಿಚಾರಣೆ ಇಲ್ಲ. ಯುದ್ಧ ಗೆಲ್ಲಿಸಿಕೊಟ್ಟವನನ್ನೂ ಹೀಗೆ ಕಳಿಸಿದ್ದಾರೆ. ಹೇಳುತ್ತಿದ್ದಾಗಲೇ ಹೊಳೆಯಿತು — ನಮ್ಮ ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಇದೇ ಆಟ! ದೀಪಾವಳಿಯ ಹಣತೆ ಒಡೆದರೆ ಚೂರು ರೆಡಿ. ಬಲಿಯೂ ರೆಡಿ: ಅಧ್ಯಕ್ಷ ಡಾಕ್ಟರ್ ನಿತ್ಯಾನಂದ, ಮೈಕು ಸಿಕ್ಕರೆ ಬಿಡದವರು. ಬೀಳ್ಕೊಡುಗೆ ಪದ್ಯ ಈಗಲೇ ಬರೆದೆ:

ಹೋಗಿ ಬನ್ನಿ ನಿತ್ಯಾನಂದ,
ಹತ್ತು ವರ್ಷ ನಮಗಾನಂದ.

ನವೆಂಬರ್ 8, ಶನಿವಾರ

ಬೆಳಗ್ಗೆಯಿಂದ ಲಕ್ಷ್ಮಿಗೆ ಸರೋಜಿನಿ ಮೇಡಂ ಚಿಂತೆ. ಹೆಂಡತಿಯ ಚಿಂತೆ ಕಾಫಿಯ ಜೊತೆ ಫ್ರೀ. ಮೇಡಂ ಉಡುಪಿಯವರು. ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಹೇಳುತ್ತಾರೆ, ಭಾನುವಾರ ತಮ್ಮ ಮನೆಯಲ್ಲಿ ಕೂಟದ ಆರು ಮಕ್ಕಳಿಗೆ ಕನ್ನಡ. ಕಾಂಟ್ರಾಕ್ಟ್ ಈ ತಿಂಗಳಿಗೆ ಮುಗಿಯುತ್ತದೆ. ಇನ್ನೆರಡು ವರ್ಷಕ್ಕೆ ಸೈನ್ ಮಾಡಲೋ, ಊರಿಗೆ ಹೋಗಲೋ ಅಂತ ತೂಗುತ್ತಿದ್ದಾರಂತೆ. ನಿಮಗೆಲ್ಲ ಬೇಕಿದ್ದರೆ ಇರ್ತೇನೆ ಅಂದರಂತೆ. ಅಂಥವರು ಇನ್ನೊಬ್ಬರು ಸಿಗಲ್ಲ ಅಂದಳು ಲಕ್ಷ್ಮಿ. ಮಾಮಕ್ ಅನ್ನುವ ಇಲ್ಲಿನ ಟೀ ಅಂಗಡಿಯಲ್ಲಿ, ಮೇಡಂ ಜೊತೆ ಅನಾಟಮಿಯಲ್ಲೇ ಕೆಲಸ ಮಾಡುವ ನಿತ್ಯಾನಂದರೂ ಅದನ್ನೇ ಅಂದರು.

ಪದ್ಯವನ್ನು ಮೇಡಂಗೆ ವಾಟ್ಸಾಪ್ ಮಾಡಿದೆ. ಉತ್ತರ: ಪ್ರಾಸ ಉಂಟು, ಪದ್ಯ ಎಲ್ಲಿ? ಲಕ್ಷ್ಮಿ ಓದಿ, ಸರಿಯಾಗೇ ಹೇಳಿದ್ದಾರೆ ಅಂದಳು.

ನವೆಂಬರ್ 9, ಭಾನುವಾರ, ಸಂಜೆ



ನಮ್ಮ ಕಾಂಡೋ ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ ಕಾರ್ಯಕ್ರಮ. ಮೊದಲು ಕಥೆ ಹೇಳಿದೆ. ನ್ಯಾಯವಂತ ಅಂತ ಹೆಸರಾದವನೊಬ್ಬ. ಓಟಿನ ದಿನ ಅಕ್ಷರ ಬಾರದ ಹಳ್ಳಿಯವ, ಗುರುತು ಸಿಗದೆ, ಇವನ ಕೈಗೇ ಚೂರು ಕೊಟ್ಟು ಆ ನ್ಯಾಯವಂತನ ಹೆಸರು ಬರೆದುಕೊಡು ಅಂದ. ಅವನು ನಿನಗೇನು ಮಾಡಿದ ಅಂತ ಇವನು ಕೇಳಿದ. ಏನೂ ಇಲ್ಲ, ಎಲ್ಲೆಲ್ಲೂ ನ್ಯಾಯವಂತ ನ್ಯಾಯವಂತ ಅಂತ ಕೇಳಿ ಕೇಳಿ ಸಾಕಾಗಿದೆ. ಇವನು ಸುಮ್ಮನೆ ಬರೆದುಕೊಟ್ಟ. ಜನ ನಕ್ಕರು.

ಹೆಸರು ಕನ್ನಡದಲ್ಲೇ ಇರಬೇಕು — ರೂಲು ನನ್ನದೇ. ಮಕ್ಕಳಿಗೆ ಬರೆಯಲು ಬಾರದು. ಮಾರ್ಕರ್ ಹಿಡಿದು ಕೂತೆ. ಮೊದಲು ಬಂದವಳು ನನ್ನ ಮಗಳು ಮೇಧಾ. ಇಲ್ಲಿನವರ ಹಾಗೆ ಮಾತಿನ ಕೊನೆಗೊಂದು ‘ಲಾ’ ಸೇರಿಸಿ ಕಿವಿಯಲ್ಲಿ ಅಂದಳು, "ಸರೋಜಿನಿ ಆಂಟಿ ಲಾ. ದೆನ್ ನೋ ಮೋರ್ ಒತ್ತಕ್ಷರ." ಬರೆದೆ. ಅವಳ ಹಿಂದೆ ಕ್ಯೂ. ಎಲ್ಲರದೂ ಅದೇ ಹೆಸರು. ತಮಾಷೆ ಅನ್ನಿಸಿತು.

ಎಣಿಕೆ. ಒಬ್ಬ ತನ್ನ ಬಾಸ್ ಹೆಸರು ಬರೆದಿದ್ದ, ಇನ್ನೊಬ್ಬ ಟೋಲ್ ಗೇಟ್. ನಿತ್ಯಾನಂದರಿಗೆ ಆರು. ಸರೋಜಿನಿಗೆ... ಏಳು.

ಮೇಡಂ ಎದ್ದು ಬಂದು ಚೂರುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ಏಳರಲ್ಲೂ ನನ್ನ ಅಕ್ಷರ. ಮಕ್ಕಳಿಗೆ ಬರೆದುಕೊಟ್ಟದ್ದು ಅಂದೆ. ಬರೀ ಆಟ ಅಂದೆ. ಹೌದೌದು ಅಂದರು. ಎಲ್ಲರಿಗೂ ಪಾಯಸ ಬಡಿಸಿದರು. ತಾವು ತಿನ್ನಲಿಲ್ಲ.

ಪದ್ಯ ಜೇಬಿನಲ್ಲೇ ಉಳಿಯಿತು.

ನವೆಂಬರ್ 16, ಭಾನುವಾರ

ಅಥೆನ್ಸಿನವರು ಒಮ್ಮೆ, ದಂಗೆಯೆದ್ದ ಊರಿನ ಗಂಡಸರನ್ನೆಲ್ಲ ಕೊಲ್ಲಬೇಕು ಅಂತ ಓಟು ಹಾಕಿ ಹಡಗು ಕಳಿಸಿದರು. ಮರುದಿನ ತಪ್ಪಾಯಿತು ಅನ್ನಿಸಿತು. ಮತ್ತೆ ಓಟು, ಎರಡನೇ ಹಡಗು. ಅದು ಸಮಯಕ್ಕೆ ಮುಟ್ಟಿತು. ನಮ್ಮ ಕೂಟವೂ ವಾಟ್ಸಾಪಿನಲ್ಲಿ ಮರುಓಟು ಮಾಡಿತು: ಮೇಡಂ ಇರಲೇಬೇಕು, ಒಮ್ಮತ. ಎರಡನೇ ಹಡಗು ನಾನು, ಮೇಡಂ ಮನೆಗೆ.

ಮುಟ್ಟುವಾಗ ತಡವಾಗಿತ್ತು. ಸೈನ್ ಮಾಡುವುದಿಲ್ಲ ಅಂತ ಕಾಲೇಜಿಗೆ ಶುಕ್ರವಾರವೇ ಹೇಳಿಯಾಗಿತ್ತು.

ಚಹಾ ಕೊಟ್ಟರು. "ಮಕ್ಕಳನ್ನು ಕೇಳಿದೆ. ಆರೂ ಮಂದಿ ಒಪ್ಪಿಕೊಂಡ್ರು, ಪಾಪ. ಇಷ್ಟು ದಿನ ಕಲಿಸಿದ್ದೇನೆ ಮಾರಾಯ್ರೆ, ನನ್ನ ಹೆಸರು ಬರೀಲಿಕ್ಕೆ ನಿಮ್ಮ ಹತ್ರ ಬರ್ಬೇಕಾಯ್ತು ನೋಡಿ."

ನಕ್ಕರು. ನಾನೂ ನಕ್ಕೆ. ಆಮೇಲೆ ಕಪ್ಪು ಕೆಳಗಿಟ್ಟರು.

"ಏಳನೇದು ಯಾರಿಗೆ ಬರೆದುಕೊಟ್ರಿ?"

ನಿತ್ಯಾನಂದರು ಅವತ್ತು ಕನ್ನಡಕ ಮರೆತು ಬಂದಿದ್ದರು... ಅಂದುಬಿಟ್ಟೆ. ನನ್ನ ಬಾಯೇ ಅಂದದ್ದು. ಇಷ್ಟು ಸಲೀಸಾಗಿ!

ಮೇಡಂ ಕಿಟಕಿಯ ಕಡೆ ನೋಡಿದರು. ಇಷ್ಟು ವರ್ಷ ಒಂದೇ ಡಿಪಾರ್ಟ್‌ಮೆಂಟು ಅಂದರು. ಅಷ್ಟೇ.

ನವೆಂಬರ್ 29, ಶನಿವಾರ

ಮೇಡಂ ಹೊರಟರು. ಏರ್‌ಪೋರ್ಟಿಗೆ ಬಿಡಲು ನಿತ್ಯಾನಂದರು ಕಾರು ತಂದಿದ್ದರು, ಡಿಕ್ಕಿ ತೆರೆದು ನಿಂತಿದ್ದರು. ಮೇಡಂ ಅವರನ್ನು ದಾಟಿ ಹೋಗಿ ಟ್ಯಾಕ್ಸಿ ಹತ್ತಿದರು. ಗಾಜು ಏರಿಸಿದರು.

"ನಾನೇನು ಮಾಡಿದೆ ಗಂಗಾಧರ?" ಅಂದರು ನಿತ್ಯಾನಂದ. ಮೈಕಿಲ್ಲದ ದನಿ.

ಗೊತ್ತಿಲ್ಲ ಅಂದೆ.

ಪ್ರಾಸ ಬರುತ್ತಿಲ್ಲ. ಮಹಾಜನರೇ — ಇಲ್ಲ, ಮಹಾಜನರು ಯಾರೂ ಇಲ್ಲ ಇಲ್ಲಿ. ಮಕ್ಕಳ ಕ್ಯೂ ಮುಗಿದ ಮೇಲೆ ಒಂದು ಚೂರು ಉಳಿದಿತ್ತು. ನನ್ನ ಪಾಲಿನದು. ಯಾರೂ ಬರೆದುಕೊಡು ಅನ್ನಲಿಲ್ಲ. ನಾನೇ ಬರೆದೆ. ಅವರು ನನಗೇನೂ ಮಾಡಿರಲಿಲ್ಲ. ಎಲ್ಲರ ಬಾಯಲ್ಲೂ ಮೇಡಂ ಮೇಡಂ ಅಂತ ಕೇಳಿ ಕೇಳಿ...