ಅಮ್ಮನ ಚೌಕಾಬಾರಕ್ಕೆ ಎಂಜಿನ್

ಶೆಟ್ಟಿಹಳ್ಳಿ, ತುಮಕೂರು
ಆಗಸ್ಟ್ ೨೦೦೬

ಮಹಾಪಂಡಿತ ಗಂಗಾಧರನ ಸನ್ನಿಧಿಗೆ,

ನಿಮ್ಮಮ್ಮನ ತಿಥಿ ಮುಗಿಸಿ ಗುಬ್ಬಿಯಿಂದ ಬಂದವನು ನಮ್ಮ ವ್ಯಾಜ್ಯಕ್ಕೆ ತೀರ್ಪು ಬರೆಯುತ್ತಿದ್ದೇನೆ: ನಿನ್ನ ಎಂಜಿನ್ನೇ ಸರಿ.

ಲಕ್ವ ಹೊಡೆದು ಅಮ್ಮನಿಗೆ ಕವಡೆ ಹಾಕಲಾಗದೆ ಹೋದಾಗ, ಒಂದು ಕೀ ಒತ್ತಿದರೆ ಕವಡೆ ಬೀಳುವಂಥ ಚೌಕಾಬಾರವನ್ನು ಕಂಪ್ಯೂಟರಿನಲ್ಲಿ ಮಾಡಿಕೊಡುತ್ತೇವೆಂದು ಇಬ್ಬರೂ ಮಾತು ಕೊಟ್ಟೆವು. ಆಮೇಲೆ ಆಟ ಕಟ್ಟುವ ತಂತ್ರಾಂಶ, ಅಂದರೆ ಗೇಮ್ ಎಂಜಿನ್, ಯಾವುದಿರಬೇಕು ಎಂದು ವರ್ಷವಿಡೀ ಕಿತ್ತಾಡಿದೆವು. ನಿನಗೆ ಸರಳವಾದದ್ದು ಸಾಕು. ನನಗೋ, ಕವಡೆ ತ್ರೀಡಿಯಲ್ಲಿ ಉರುಳಬೇಕು, ಅದರ ನೆರಳೂ ಬೀಳಬೇಕು!

“ಏನ್ರಲಾ, ಗುಬ್ಬಿ ಸ್ಟೇಷನ್ನಿಗೆ ದಿನಾ ಎಂಜಿನ್ ಬತ್ತವೆ, ನಿಮ್ದೊಂದು ಬರಾಕಿಲ್ವಾ?” ಎಂದು ಅಮ್ಮ ನಗುತ್ತಿದ್ದರು.

ನಿನ್ನೆ ಭಾನುವಾರ ನಿನ್ನ ಎಂಜಿನ್ನಿನಲ್ಲೇ ಕೆಲಸಕ್ಕೆ ಕೂತೆ. ಸಂಜೆಯೊಳಗೆ ಆಟ ಸಿದ್ಧವಾಯಿತು. ಒಂದು ಹಗಲು ಸಾಕಾಗಿತ್ತು ಕಣೋ.

ಸಿ.ಡಿ. ಜೊತೆಗಿಟ್ಟಿದ್ದೇನೆ, ಹಾಕಿ ನೋಡು. ಅಮ್ಮನದು ಕೆಂಪು ಕಾಯಿ. ಅದು ಪ್ರತಿಸಲವೂ ಬಿದ್ದ ಗರಕ್ಕಿಂತ ಒಂದು ಮನೆ ಹೆಚ್ಚು ಓಡುತ್ತದೆ. ತಪ್ಪೆಂದು ತಿದ್ದಬೇಡ. ಅವರು ಕಳ್ಳಾಟ ಆಡುತ್ತಿದ್ದದ್ದೇ ಹಾಗಲ್ಲವೇ?

ವಾದದಲ್ಲಿ ಸೋತ,
ಅಂಜನ್